ಒಲೆ ಅಳೆದು ನೆಲ ಹುಡುಕಿದ್ದು

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೆವು. ಅಕ್ಕಿ ಮೂಟೆ ಬಿಚ್ಚಿದಾಗ ಅದರ ಮೇಲೆ ಒಂದು ಗುರುತು. ರಾಗಿ ಮಿಲ್ಲಿಗೆ ಹೋದಾಗ ಇನ್ನೊಂದು. ಎಣ್ಣೆ, ಬೇಳೆ, ಒಣಮೆಣಸಿನಕಾಯಿ, ಕೊನೆಗೆ ತೆಂಗಿನಕಾಯಿ ಒಡೆದಿದ್ದಕ್ಕೂ ಲೆಕ್ಕ. 2022ರ ಯುಗಾದಿಯಿಂದ 2023ರ ಯುಗಾದಿವರೆಗೆ ಬಿಡದೆ ಬರೆದೆವು. ಹಳ್ಳಿಗೆ ಹೋಗಿ ನಮ್ಮ ಊಟ ನಾವೇ ಬೆಳೆದುಕೊಳ್ಳೋಣ ಅಂತ ತೀರ್ಮಾನ ಮಾಡಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಇದು. ಜಮೀನು ನೋಡಲು ಹೊರಟಿದ್ದು ಆಮೇಲೆ.

ಈ ದಾರಿ ಹೇಳಿಕೊಟ್ಟವರು ನಮ್ಮ ಅತ್ತೆ. ಎಷ್ಟು ಎಕರೆ ತಗೊಂಡರೆ ಸಾಕಾಗುತ್ತೆ ಅಂತ ಇವರು, ನನ್ನ ಗಂಡ, ಕೇಳಿದಾಗ ಅತ್ತೆ ಅಂದರು, "ಅದನ್ನ ನನ್ನ ಕೇಳಿದ್ರೆ ನಾನೇನ್ ಹೇಳ್ಲಪ್ಪಾ. ವರ್ಷಕ್ಕೆ ಒಲೆ ಮೇಲೆ ಎಷ್ಟು ಬೇಯುತ್ತೆ ಅಂತ ನೋಡ್ಕೋ. ನೆಲ ಎಷ್ಟು ಬೇಕು ಅಂತ ಒಲೆನೇ ಹೇಳುತ್ತೆ."

ನಾವು ಹಾಸನದಲ್ಲಿ ಬಾಡಿಗೆ ಮನೆಯಲ್ಲಿ ಇದ್ದೇವೆ. ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಇವರು ವೈರಿಂಗ್ ಮತ್ತು ಮೋಟಾರ್ ರಿಪೇರಿ ಮಾಡುತ್ತಾರೆ. ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಮಾವ ಇದ್ದಾಗ ಆಲೂರು ಕಡೆ ಜಮೀನಿತ್ತು. ಪಾಲಾಗಿ, ಸಾಲಕ್ಕೆ ಹೋಗಿ, ನಮ್ಮ ಕೈಗೆ ಏನೂ ಉಳಿಯಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಇವರ ಕೆಲಸ ನಿಂತಾಗ ಅತ್ತೆಯ ತಮ್ಮ ಅರ್ಧ ಮೂಟೆ ರಾಗಿ, ಅವರೆಕಾಳು, ಹುಣಸೆಹಣ್ಣು ಕಳಿಸಿದರು. ಆ ಮೂಟೆ ಬಿಚ್ಚುವಾಗ ಅತ್ತೆ ಕಣ್ಣೊರೆಸಿಕೊಂಡಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಯೋಚನೆ ಹುಟ್ಟಿದ್ದು ಅವತ್ತು.

ವರ್ಷ ತುಂಬಿದ ಮೇಲೆ ಕ್ಯಾಲೆಂಡರ್ ಬಿಡಿಸಿ ಕೂಡಿದೆ. ಹಬ್ಬ, ನೆಂಟರು ಎಲ್ಲ ಸೇರಿ ಅಕ್ಕಿ 384 ಕೆ.ಜಿ., ರಾಗಿ 216 ಕೆ.ಜಿ., ಬೇಳೆ ಕಾಳು 70 ಕೆ.ಜಿ., ಎಣ್ಣೆ 38 ಲೀಟರ್, ಒಣಮೆಣಸಿನಕಾಯಿ 14 ಕೆ.ಜಿ., ತೆಂಗಿನಕಾಯಿ 340. ಹಾಲು ದಿನಕ್ಕೆ ಎರಡು ಲೀಟರ್. ಇಷ್ಟು ವರ್ಷ ಊರವರ ಲೆಕ್ಕ ಬರೆದಿದ್ದೇನೆ. ನಮ್ಮ ಹೊಟ್ಟೆಯ ಲೆಕ್ಕ ಕಣ್ಣಾರೆ ನೋಡಿದ್ದು ಅವತ್ತೇ.

ಆ ಲೆಕ್ಕವನ್ನು ಗುಂಟೆಗೆ ತಿರುಗಿಸಬೇಕಿತ್ತು. ಒಂದು ಕ್ವಿಂಟಲ್ ಭತ್ತ ಮಿಲ್ಲು ಮಾಡಿಸಿದರೆ ಹೆಚ್ಚು ಕಮ್ಮಿ 65 ಕೆ.ಜಿ. ಅಕ್ಕಿ ಸಿಗುತ್ತೆ. ಅಂದರೆ ನಮಗೆ ಬೇಕಾದ್ದು ಆರು ಕ್ವಿಂಟಲ್ ಭತ್ತ. ಎಕರೆಗೆ 16 ಕ್ವಿಂಟಲ್ ಇಳುವರಿ ಅಂತ ಹಿಡಿದೆ. ಎಕರೆಗೆ 40 ಗುಂಟೆ. 15 ಗುಂಟೆ ಗದ್ದೆ ಇದ್ದರೆ ಆಯಿತು ಅಂದೆ. ಅತ್ತೆ ಒಪ್ಪಲಿಲ್ಲ. "ಉಣ್ಣೋಷ್ಟೇ ಬಿತ್ತಿದ್ರೆ ಉಪವಾಸ ಬೀಳ್ತೀವಿ ಕಣಮ್ಮ. ಬೀಜಕ್ಕೆ ಬೇಡ್ವಾ? ಹಕ್ಕಿಗೆ? ಮಳೆ ಕೈಕೊಟ್ಟ ವರ್ಷಕ್ಕೆ?" ಅಂದರು. ಹಾಗಾಗಿ 25 ಗುಂಟೆ ಅಂತ ಬರೆದುಕೊಂಡೆವು.

ಎಣ್ಣೆಯ ಹತ್ತಿರ ಬಂದಾಗ ಲೆಕ್ಕ ನಿಂತಿತು. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಎರಡೂವರೆ ಕೆ.ಜಿ. ಬೀಜ ಬೇಕು. 38 ಲೀಟರಿಗೆ 95 ಕೆ.ಜಿ. ಅಷ್ಟು ಬೆಳೆದು, ಸುಲಿದು, ಗಾಣಕ್ಕೆ ಹೊತ್ತುಕೊಂಡು ಹೋಗುವಷ್ಟು ಕೈ ನಮ್ಮ ಮನೆಯಲ್ಲಿಲ್ಲ. ಅರ್ಧ ಎಣ್ಣೆ ಕೊಳ್ಳೋದು, ಉಳಿದ ಅರ್ಧಕ್ಕೆ ಹುಚ್ಚೆಳ್ಳು ಮತ್ತು ತೆಂಗು ಅಂತ ಮಾಡಿಕೊಂಡೆವು. ಬೆಲ್ಲ ಪಕ್ಕದೂರಿನ ಆಲೆಮನೆಯಿಂದ. ಉಪ್ಪು, ಟೀಪುಡಿ, ಸೋಪು ಅಂಗಡಿಯಿಂದ. ಸ್ವಾವಲಂಬನೆ ಅಂದರೆ ಅಂಗಡಿಯ ಮುಖವನ್ನೇ ನೋಡದೆ ಇರೋದು ಅಂತ ನಾನು ಅಂದುಕೊಂಡಿಲ್ಲ. ಹೊಟ್ಟೆಗೆ ಮುಖ್ಯವಾದದ್ದು ಮನೆಯಲ್ಲಿದೆ ಅನ್ನೋ ಧೈರ್ಯ ಇದ್ದರೆ ನನಗೆ ಅಷ್ಟೇ ಸಾಕು.

ಒಟ್ಟು ಕೂಡಿದಾಗ ಮೂರು ಎಕರೆ ಅಂತ ಬಂತು. ಅದಕ್ಕಿಂತ ಜಾಸ್ತಿ ಆದರೆ ಆಳು ಇಡಬೇಕು. ಆಳು ಇಟ್ಟರೆ ಕೂಲಿಗೆ ಅಂತ ಮಾರೋ ಬೆಳೆ ಹಾಕಬೇಕು. ನಮಗೆ ಅದು ಬೇಡವಾಗಿತ್ತು.

ಹಾಸನ ಜಿಲ್ಲೆಯ ಒಳಗೇ ಮೂರು ಥರದ ನೆಲ ಇದೆ. ಮೊದಲು ಅರಸೀಕೆರೆ ಕಡೆ ಹೋದೆವು. ರೇಟು ಕಮ್ಮಿ. ಹಳೇ ತೆಂಗಿನ ತೋಟ, ನೋಡಿದರೆ ಮನಸ್ಸಿಗೆ ಹಿಡಿಸುವಂಥದ್ದು. ಆದರೆ ಪಕ್ಕದ ತೋಟದವರು ಎರಡು ಬೋರ್ 900 ಅಡಿ ಕೊರೆಸಿದ್ದರು. ಒಂದರಲ್ಲಿ ಧೂಳು, ಇನ್ನೊಂದರಲ್ಲಿ ಒಂದೂವರೆ ಇಂಚು ನೀರು. ಅಷ್ಟು ಆಳದ ನೀರು ನಂಬಿ ಮಕ್ಕಳನ್ನು ಕರೆದುಕೊಂಡು ಹೋಗೋ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಸಕಲೇಶಪುರದ ಕಡೆ. ಅಲ್ಲಿ ಮಳೆಗೆ ಕೊರತೆ ಇಲ್ಲ. ಕಾಫಿ, ಮೆಣಸು, ಗದ್ದೆ, ಮನೆ ಹಿಂದೆ ಹರಿಯೋ ಹಳ್ಳ. ಜಮೀನು ತೋರಿಸಿದ ಯಜಮಾನರು ಗದ್ದೆ ಬದುವಿನಲ್ಲಿ ನಿಂತು ಒಂದು ಗುಂಡಿ ತೋರಿಸಿದರು. ಮೊರದಷ್ಟು ಅಗಲ. ಒಳಗೆ ಮಳೆನೀರು ನಿಂತಿತ್ತು. ಮಗ ಅದರ ಪಕ್ಕ ಕಾಲಿಟ್ಟು ಅಳೆದ. ಅದು ಆನೆ ಹೆಜ್ಜೆ. ಹಲಸಿನಕಾಯಿ ವಾಸನೆಗೆ ಆನೆ ಒಳಗೆ ಬರುತ್ತೆ ಅಂತ ಕಾಯಿ ಎಳೆಯದಾಗಿರುವಾಗಲೇ ಕಡಿದು ಹಾಕುತ್ತಾರಂತೆ. ಯಾವ ಊರ ಹತ್ತಿರ ಆನೆ ಇದೆ ಅಂತ ಮೊಬೈಲಿಗೆ ಸಂದೇಶ ಬರುತ್ತೆ, ಅದನ್ನು ನೋಡಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಹುಟ್ಟಿದಾಗಿನಿಂದ ಅಲ್ಲೇ ಇರುವವರು ಹೇಗೋ ಹೊಂದಿಕೊಂಡಿದ್ದಾರೆ. ಹೊಸದಾಗಿ ಹೋಗೋ ನಾವು, ಸಂಜೆ ಟ್ಯೂಷನ್ ಮುಗಿಸಿ ನಡೆದು ಬರೋ ಮಗಳು. ಬೇಡ ಅಂದೆ. ಬಾಳೆ, ಭತ್ತ, ಹಲಸು ಬೆಳೀಬೇಕು ಅನ್ನುವವರು ಆ ಭಾಗದಲ್ಲಿ ಜಮೀನು ನೋಡೋ ಮುಂಚೆ ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೂತು ಮಾತಾಡಿ.

ಮೂರನೆಯದು ನಡುವಿನದು. ಬೇಲೂರು, ಆಲೂರು ಆಸುಪಾಸು. ಅರೆಮಲೆನಾಡು ಅಂತಾರಲ್ಲ, ಅದು. ಮೇಲಿನ ನೆಲದಲ್ಲಿ ರಾಗಿ, ತಗ್ಗಿನಲ್ಲಿ ಭತ್ತ, ಮಧ್ಯೆ ತೆಂಗು ಅಡಿಕೆ. ನಮ್ಮ ಕ್ಯಾಲೆಂಡರಿನಲ್ಲಿ ಇದ್ದದ್ದೆಲ್ಲ ಒಂದೇ ಊರಲ್ಲಿ ಬೆಳೆಯೋದು ಇಲ್ಲಿ ಮಾತ್ರ.

2023ರ ಜುಲೈನಲ್ಲಿ ಒಂದು ಜಾಗ ನೋಡಿದೆವು. ಮಳೆ ಹಿಡಿದಿತ್ತು. ಎತ್ತ ನೋಡಿದರೂ ಹಸಿರು, ಪಕ್ಕದ ಕಟ್ಟೆ ತುಂಬಿ ಕೋಡಿ ಬೀಳೋದಕ್ಕೆ ಒಂದು ಅಡಿ ಬಾಕಿ. ನಾನು ಆ ಕಟ್ಟೆ ಏರಿಯ ಮೇಲೆ ನಿಂತೇ ಒಪ್ಪಿಬಿಟ್ಟೆ. 50 ಸಾವಿರ ಮುಂಗಡ ಕೊಟ್ಟೆವು. ಅವಸರ ಮಾಡಿದ್ದು ನಾನೇ. ಇವರು ಇನ್ನೊಂದು ವಾರ ತಡೀ ಅಂತಿದ್ದರು.

ಪೇಪರ್ ತೆಗೆಸಲು ಶುರು ಮಾಡಿದ್ದು ಆಮೇಲೆ. ಪಹಣಿ ಓದೋದು ಕಷ್ಟ ಏನಲ್ಲ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅವರಿಗೆ ಆ ಜಮೀನು ಹೇಗೆ ಬಂತು, 11ರಲ್ಲಿ ಸಾಲ, ತಕರಾರು ಏನಿದೆ, ಈ ಮೂರನ್ನು ಬೆರಳಿಟ್ಟು ಓದಬೇಕು. ನಾವು ಹಳೇ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಗಳನ್ನು ಹಿಂದಕ್ಕೆ ಹಿಂದಕ್ಕೆ ತೆಗೆಸುತ್ತಾ ಹೋದೆವು. ಕೊನೆಗೆ ಒಂದರಲ್ಲಿ ದರಖಾಸ್ತು ಅಂತ ಇತ್ತು. ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ನೆಲ ಅದು. ಕೈಯಿಂದ ಕೈಗೆ ಬಂದು ಈಗ ಮೂರನೆಯವರ ಹೆಸರಲ್ಲಿದೆ.

ಪಿ.ಟಿ.ಸಿ.ಎಲ್. ಅಂತ 1978ರ ಒಂದು ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದ್ದರೆ ಮೂಲ ಕುಟುಂಬಕ್ಕೆ ವಾಪಸ್ ಕೊಡಿಸಬಹುದು. ಅದಕ್ಕೆ ಎಷ್ಟು ವರ್ಷ ಕಳೆದ ಮೇಲೂ ಅರ್ಜಿ ಹಾಕಬಹುದು ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಅನುಮತಿ ಪತ್ರ ತೋರಿಸಿ ಅಂದೆವು. ಇರಲಿಲ್ಲ. ದಲ್ಲಾಳಿಗೆ ಇದು ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಮುಂಗಡ ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು, ಅದೂ ಎರಡು ಕಂತಿನಲ್ಲಿ. ನನಗೆ ಬೇಜಾರಾಗಿದ್ದು ದುಡ್ಡಿನ ವಿಷಯಕ್ಕಿಂತ ಜಾಸ್ತಿ ಬೇರೆ. ನಮ್ಮ ಮನೆಯ ನೆಲ ಹೋದ ಸಂಕಟ ನಮಗೆ ಗೊತ್ತು. ಇನ್ನೊಬ್ಬರ ಮನೆಯಿಂದ ಹಾಗೆ ಹೋದ ನೆಲದ ಮೇಲೆ ನಾವು ಅನ್ನ ಬೆಳೆಯೋಕೆ ಹೊರಟಿದ್ದೆವಲ್ಲ. ಆ ಕಾಯ್ದೆ ಇರಬೇಕಾದ್ದೇ.

ಇನ್ನೊಂದು ವಿಷಯ. ಮೊದಲು ನಮ್ಮಂಥವರು ಕೃಷಿ ಜಮೀನು ಕೊಳ್ಳೋದೇ ಕಷ್ಟವಿತ್ತು. ರೈತ ಕುಟುಂಬ ಅನ್ನೋದಕ್ಕೆ ದಾಖಲೆ ಕೇಳುತ್ತಿದ್ದರು. ಭೂಸುಧಾರಣೆ ಕಾಯ್ದೆಯ 79-ಎ, 79-ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ನಮಗೆ ಅದರಿಂದ ಅನುಕೂಲವಾಯಿತು, ನಿಜ. ಆದರೆ ಪಟ್ಟಣದ ದುಡ್ಡು ಬಂದು ಎಕರೆ ರೇಟು ಏರಿದ್ದನ್ನೂ ನೋಡಿದ್ದೇವೆ. ಊರಿನ ಹುಡುಗನೊಬ್ಬನಿಗೆ ಅರ್ಧ ಎಕರೆ ಕೊಳ್ಳೋಕೂ ಆಗುತ್ತಿಲ್ಲ.

2023ರಲ್ಲಿ ಮಳೆ ಜುಲೈಗೇ ಮುಗಿದ ಹಾಗಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಸುಮ್ನೆ ನೋಡಿಬರೋಣ ಅಂತ 2024ರ ಏಪ್ರಿಲ್‌ನಲ್ಲಿ ಅದೇ ಕಟ್ಟೆಯ ಹತ್ತಿರ ಹೋದೆವು. ತಳ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಮಗನ ಕೈ ಮೊಣಕೈವರೆಗೂ ಹೋಯಿತು. ಜಮೀನು ನೋಡೋದಾದರೆ ಬೇಸಿಗೆಯಲ್ಲೇ ನೋಡಬೇಕು ಅಂತ ಅತ್ತೆ ಮೊದಲಿಂದ ಹೇಳುತ್ತಿದ್ದರು. ಅದು ನನಗೆ ನಾಟಿದ್ದು ಅಲ್ಲಿ ನಿಂತಾಗ.

ಈಗ ನಮ್ಮದಾಗಿರುವ ಜಮೀನು ಸಿಕ್ಕಿದ್ದು ಅದೇ ತಿಂಗಳು, ಬೇಲೂರು ತಾಲ್ಲೂಕಿನಲ್ಲಿ. ಇವರು ಮೋಟಾರ್ ರಿಪೇರಿಗೆ ಹೋದ ಮನೆಯವರೇ ಹೇಳಿದ್ದು. ವಯಸ್ಸಾದ ಗಂಡ ಹೆಂಡತಿ, ಮಗಳ ಮನೆಗೆ ಹೋಗುವವರಿದ್ದರು. ಅಲ್ಲಿ ಒಂದು ತೆರೆದ ಬಾವಿ ಇತ್ತು. ಯಜಮಾನರು ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರು. ಕಲ್ಲು ತಳ ಮುಟ್ಟಿ ಹಗ್ಗ ಸಡಿಲವಾಯಿತು. ಮೇಲೆಳೆದು, ಒದ್ದೆಯಾದಷ್ಟು ಭಾಗವನ್ನು ಮೊಳ ಹಾಕಿದರು. ನಾಲ್ಕೂವರೆ ಮೊಳ. ಏಳು ಅಡಿಗೆ ಸ್ವಲ್ಪ ಕಮ್ಮಿ. ಅಂಥ ಬರದ ಏಪ್ರಿಲ್‌ನಲ್ಲಿ! ಯಜಮಾನರು ಹಗ್ಗ ಸುತ್ತಿಡುತ್ತಾ ಹೇಳಿದರು, "ಇದು ನಮ್ಮಪ್ಪನ ಕಾಲದ್ದು ತಾಯಿ. ಕುಡಿಯಕ್ಕೆ, ದನಕ್ಕೆ ಯಾವತ್ತೂ ಇಲ್ಲ ಅಂದಿಲ್ಲ. ಮೂರು ಎಕರೆಗೂ ಹಾಯಿಸ್ತೀನಿ ಅಂದ್ರೆ ಮಾತ್ರ ಆಗಕ್ಕಿಲ್ಲ."

ಆ ಒಂದು ಮಾತಿಗೆ ನಾನು ಅವರನ್ನು ನಂಬಿದೆ. ಆದರೂ ಪರೀಕ್ಷೆ ಬಿಡಲಿಲ್ಲ. ಇವರು ಮಾರನೇ ದಿನ ಒಂದು ಮೋಟಾರ್ ತಂದು ನೀರು ಎತ್ತಿದರು. ಮೂರು ಅಡಿ ಇಳಿದಾಗ ನಿಲ್ಲಿಸಿ, ಗೋಡೆಗೆ ಸುಣ್ಣದ ಗುರುತು ಹಾಕಿದರು. ಅವತ್ತು ರಾತ್ರಿ ಅಲ್ಲೇ ಜಗುಲಿಯಲ್ಲಿ ಮಲಗಿದರು. ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ನೀರು ಹಳೇ ಮಟ್ಟಕ್ಕೆ ಬಂದಿದೆ ಕಣೇ," ಅಂದರು. ಆ ಕಡೆಯಿಂದ ಕೋಳಿ ಕೂಗೋದು ಕೇಳಿಸುತ್ತಿತ್ತು.

ಈ ಸಲ ಪೇಪರ್ ಮೊದಲು, ದುಡ್ಡು ಆಮೇಲೆ. 30 ವರ್ಷದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದೆವು. ವಂಶವೃಕ್ಷ ನೋಡಿದೆವು. ಅವರ ಮಗಳೂ ಬಂದು ಸಹಿ ಹಾಕಬೇಕು ಅಂತ ನಾವೇ ಕೇಳಿಕೊಂಡೆವು. ಅವರ ಭಾಗ ಒಂದು ದೊಡ್ಡ ಸರ್ವೆ ನಂಬರಿನ ತುಂಡು, ಪೋಡಿ ಆಗಿರಲಿಲ್ಲ, ಅಂದರೆ ಅಳೆದು ಬೇರೆ ನಂಬರ್ ಕೊಟ್ಟಿರಲಿಲ್ಲ. ಹಾಗಾಗಿ ಆ ತುಂಡಿನ ಅಳತೆ ತೋರಿಸೋ 11ಇ ನಕ್ಷೆ ಮಾಡಿಸಬೇಕಾಯಿತು. ಸರ್ವೆಯವರು ಅಳತೆಗೆ ಬಂದ ದಿನ ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದಿದ್ದೆವು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ನನ್ನ ಮಗಳು ಅದನ್ನು ಹಾಳೆಯಲ್ಲಿ ಚೌಕ ಚೌಕವಾಗಿ ಬರೆದುಕೊಂಡು ಜೊತೆಯಲ್ಲಿ ಓಡಾಡಿದಳು. ಮಾತಿನಲ್ಲಿ 3 ಎಕರೆ 14 ಗುಂಟೆ ಇದ್ದದ್ದು, ಹಳ್ಳ ಹರಿಯೋ 4 ಗುಂಟೆ ಖರಾಬು (ಬೆಳೆಗೆ ಬಾರದ ನೆಲ) ಕಳೆದು 3 ಎಕರೆ 10 ಗುಂಟೆ ಆಯಿತು. ಯಜಮಾನರು ಒಂದು ಮಾತೂ ಆಡದೆ ಅಷ್ಟಕ್ಕೇ ದುಡ್ಡು ತಗೊಂಡರು. ದಾರಿಯ ವಿಷಯವನ್ನೂ ಕ್ರಯಪತ್ರದಲ್ಲಿ ಬರೆಸಿದೆವು. ಬಂಡಿ ಜಾಡು ಇದೆ ಅನ್ನೋ ಬಾಯಿಮಾತು ಸಾಲದು. ಇವತ್ತು ಬಿಡುವ ಅಣ್ಣ ನಾಳೆ ಬಿಡದೆ ಇರಬಹುದು.

ಹಾಸನದಲ್ಲಿದ್ದ ಒಂದು ಸೈಟು ಮಾರಿ ದುಡ್ಡು ಹೊಂದಿಸಿದೆವು. ಸಾಲ ಮಾಡಲಿಲ್ಲ. ಡಿಸೆಂಬರಿನಲ್ಲಿ ನೋಂದಣಿ. ಸಂಕ್ರಾಂತಿ ಕಳೆದ ಮೇಲೆ ಪಹಣಿಯಲ್ಲಿ ನಮ್ಮ ಹೆಸರು ಬಂತು. ಪ್ರತಿಯನ್ನು ಅತ್ತೆ ಕೈಗೆ ಕೊಟ್ಟೆ. ಅವರಿಗೆ ಓದು ಬರೋದಿಲ್ಲ. "ಯಾವುದು ನಮ್ಮ ಹೆಸರು?" ಅಂತ ಕೇಳಿದರು. ತೋರಿಸಿದೆ. ಆ ಸಾಲಿನ ಮೇಲೆ ಬೆರಳಾಡಿಸಿ, ಮಡಿಸಿ, ದೇವರ ಮುಂದೆ ಇಟ್ಟರು.

ಆಮೇಲೆ ಮಣ್ಣು. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಕಡೆ ಗುರುತು ಮಾಡಿದೆವು. ಮೇಲಿನ ಕಸ ಸರಿಸಿ, ಗುದ್ದಲಿಯಲ್ಲಿ ಆರು ಇಂಚು ಆಳಕ್ಕೆ ಓರೆಯಾಗಿ ಗುಂಡಿ ತೆಗೆದು, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಬೆರಳು ದಪ್ಪ ಮಣ್ಣು ಕೆರೆದೆವು. ಎಲ್ಲವನ್ನೂ ಗೋಣಿಚೀಲದ ಮೇಲೆ ಸುರಿದು, ಕಲಸಿ, ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ಬಿಸಾಕಿ, ಮತ್ತೆ ಕಲಸಿ, ಕೊನೆಗೆ ಅರ್ಧ ಕೆ.ಜಿ. ಉಳಿಸಿಕೊಂಡೆವು. ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಟ್ಟೆವು. ಪಿ.ಹೆಚ್. 5.4 ಬಂತು, ಅಂದರೆ ಹುಳಿ ಮಣ್ಣು. ಮಳೆ ಜಾಸ್ತಿ ಬೀಳೋ ಕಡೆ ನೆಲದ ಸುಣ್ಣ ತೊಳೆದುಹೋಗಿ ಹೀಗಾಗುತ್ತೆ. ಕೃಷಿ ಸುಣ್ಣ ಹಾಕಬೇಕು. ಕೊಟ್ಟಿಗೆ ಗೊಬ್ಬರವೂ ಬೇಕು. ಹಾಗಾಗಿ ದನ ನಮ್ಮ ಲೆಕ್ಕದಲ್ಲಿ ಹಾಲಿಗಿಂತ ಮೊದಲು ಗೊಬ್ಬರಕ್ಕೆ.

ಎರಡು ದನ ಸಾಕೋದು ಅಂತ ಲೆಕ್ಕ ಇಟ್ಟುಕೊಂಡಿದ್ದೇವೆ. ಒಂದೇ ಆದರೆ ಕರು ಹಾಕೋ ಮುಂಚೆ ಎರಡು ತಿಂಗಳು ಹಾಲು ಬತ್ತಿಸಬೇಕು, ಆಗ ಮನೆಗೆ ಹಾಲಿರೋದಿಲ್ಲ. ಒಂದು ಮಲೆನಾಡು ಗಿಡ್ಡ, ಒಂದು ಮಿಶ್ರ ತಳಿ. ಗಿಡ್ಡ ಹಾಲು ಕೊಡೋದು ಕಮ್ಮಿ, ಆದರೆ ಬದುವಿನಲ್ಲಿ ಸಿಕ್ಕಿದ್ದು ತಿಂದುಕೊಂಡು ಗಟ್ಟಿಯಾಗಿರುತ್ತೆ. ಎರಡು ಘನ ಮೀಟರಿನ ಗೋಬರ್ ಗ್ಯಾಸ್‌ಗೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ಎರಡು ದನದಲ್ಲಿ ಅದು ಆಗೋದಿಲ್ಲ. ಈಗ ಸಿಲಿಂಡರ್, ಸೌದೆ ಎರಡೂ ಇರಲಿ ಅಂತ ಬಿಟ್ಟೆವು.

ನೆಲದ ಹಂಚಿಕೆಗೆ ಹಾಕಿಕೊಂಡ ಯೋಜನೆ ಹೀಗಿದೆ. ತಗ್ಗಿನ 25 ಗುಂಟೆ ಗದ್ದೆ, ಅದರಲ್ಲಿ ರಾಜಮುಡಿ ಭತ್ತ. ಅದು ಐದು ತಿಂಗಳ ಬೆಳೆ, ಹುಲ್ಲೂ ಉದ್ದ. ಮೇಲೆ ಒಂದು ಎಕರೆ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮನೆಗೆ ಮಿಕ್ಕ ರಾಗಿ ಮಾರಬಹುದು, ಇಡಲೂಬಹುದು, ವರ್ಷಗಟ್ಟಲೆ ಕೆಡೋದಿಲ್ಲ. 35 ಗುಂಟೆ ತೆಂಗು, ಬಾಳೆ, ಮೆಣಸಿನ ಬಳ್ಳಿ. 10 ಗುಂಟೆ ಮೇವು. ಮನೆ, ಕೊಟ್ಟಿಗೆ, ಕಣ, ಹಿತ್ತಲಿಗೆ 12. ಉಳಿದ 8 ಗುಂಟೆ ಹೊಂಡ, ದಾರಿ, ಬದು. ಸಾವಿರ ಚದರಡಿ ಮಾಡಿನ ಮೇಲೆ ವರ್ಷಕ್ಕೆ ಸಾವಿರ ಮಿ.ಮೀ. ಮಳೆ ಬಿದ್ದರೆ 90 ಸಾವಿರ ಲೀಟರಿಗೂ ಜಾಸ್ತಿ ನೀರು. ಅದನ್ನು ಬಾವಿ ಪಕ್ಕದ ಇಂಗುಗುಂಡಿಗೆ ಬಿಡುತ್ತೇವೆ.

ಕೈಗೆ ಕಾಸು ಬೇಕಲ್ಲ, ಅದರ ಬಗ್ಗೆ ಮನೆಯಲ್ಲಿ ಜಾಸ್ತಿ ಚರ್ಚೆಯಾಗಿದೆ. ಸ್ಕೂಲು ಫೀಸು, ಆಸ್ಪತ್ರೆ, ಮದುವೆ ಮುಯ್ಯಿ, ಇವನ್ನು ಗದ್ದೆ ಕೊಡೋದಿಲ್ಲ. ಇವರು ರಿಪೇರಿ ಕೆಲಸ ಬಿಡೋದಿಲ್ಲ. ಪಂಪ್‌ಸೆಟ್ ಇರೋ ಕಡೆ ಮೋಟಾರ್ ಕೆಡೋದು ಇದ್ದೇ ಇದೆ. ನಾನು ಇನ್ನೂ ಎರಡು ವರ್ಷ ಕೆಲಸಕ್ಕೆ ಬಸ್ಸಲ್ಲಿ ಓಡಾಡುತ್ತೇನೆ.

ಮಗಳು ಈಗ ಹತ್ತನೇ ಕ್ಲಾಸು. ಮೊದಮೊದಲು ಅವಳು ಊಟಕ್ಕೂ ಬರದೆ ಮುನಿಸಿಕೊಂಡಳು. "ನಿಮಗೆ ಬೇಕಾಗಿರೋದು ನಿಮಗೆ. ನನ್ನ ಓದು?" ಅಂದಳು. ಅವಳು ಹೇಳಿದ್ದು ನ್ಯಾಯವಾಗಿತ್ತು. ಅವಳ ಪರೀಕ್ಷೆ ಮುಗಿಯೋವರೆಗೂ ಮನೆ ಬದಲಾಯಿಸೋದಿಲ್ಲ ಅಂತ ಮಾತು ಕೊಟ್ಟಿದ್ದೇವೆ. 2026ರ ಏಪ್ರಿಲ್‌ನಲ್ಲಿ, ಭರಣಿ ಮಳೆಗೆ ಮುಂಚೆ, ಸಾಮಾನು ಸಾಗಿಸೋದು. ಪಿಯುಸಿಗೆ ಬೇಲೂರೋ ಹಾಸನವೋ ಅವಳೇ ಹೇಳಲಿ.

ಅಲ್ಲಿವರೆಗೆ ಭಾನುವಾರಗಳು ನಮ್ಮವು. ಮನೆ ಕಟ್ಟೋಕೆ ಇನ್ನೂ ಕೈ ಹಾಕಿಲ್ಲ. ಹಳೇ ಹೆಂಚಿನ ಮನೆಯ ಸೋರುವ ಕಡೆ ಮಾತ್ರ ಸರಿ ಮಾಡಿಸಿದ್ದೇವೆ. ಗಿಡ ನೆಡೋದನ್ನು ಮುಂದೆ ಹಾಕುವ ಹಾಗಿಲ್ಲ. ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಇರುವ ನಾಲ್ಕು ಹಳೇ ಮರದ ಜೊತೆ, 30 ಅಡಿಗೆ ಒಂದರಂತೆ 20 ಸಸಿ ಈ ಜೂನ್‌ನಲ್ಲಿ ನೆಟ್ಟೆವು. 10 ಗುಂಟೆಯಲ್ಲಿ ರಾಗಿ ಬಿತ್ತಿ ನೋಡುತ್ತಿದ್ದೇವೆ. ಪಕ್ಕದ ಹೊಲದ ಅಣ್ಣ ಬಿತ್ತೋ ಕೂರಿಗೆ ತಂದುಕೊಟ್ಟರು. ಅತ್ತೆ ತಮ್ಮನ ಮನೆಯಿಂದ ತಂದ ಅವರೆ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟಿದ್ದರು. ಅದನ್ನು ಅವರೇ ಸಾಲಿಗೆ ಬಿಟ್ಟರು. ಮಂಡಿ ನೋವು ಅಂತ ಮಗಳು ಕೈ ಹಿಡಿದುಕೊಂಡಿದ್ದಳು. ಒಂದು ಸಾಲು ಮುಗಿಯೋ ಹೊತ್ತಿಗೆ ಅಜ್ಜಿ ಮುಂದೆ, ಮೊಮ್ಮಗಳು ಬೀಜದ ಮಡಕೆ ಹಿಡಿದು ಹಿಂದೆ.

ನಾಳೆ ಬೇಲಿ ಸಾಲಿಗೆ ಗೊಬ್ಬರದ ಗಿಡದ ಕಡ್ಡಿ ಊರಬೇಕು. ನೂರು ಕಡ್ಡಿ ಕಡಿಸಿ ನೆರಳಿಗೆ ಹಾಕಿದ್ದೇವೆ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ನೆಲ ಹದವಾಗಿದೆ. ಮೊದಲ ಬಸ್ಸು ಆರೂ ಕಾಲಿಗೆ. ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.